ಎಣ್ಣೆ ಕಾಣಬಾರದ ಕಬ್ಬಿಣ

ಸಿದ್ದಲಕ್ಷ್ಮಿ ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು ಬಡತನದಿಂದಲ್ಲ, ಬಾಯಿಂದ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕೇಳಿದ್ದಕ್ಕೆಲ್ಲ ಅವಳಿಗೆ ಉತ್ತರ ಗೊತ್ತಿರುತ್ತಿತ್ತು. ಆದರೆ ಅದು ಗಂಟಲವರೆಗೆ ಬಂದು, ಬಾಗಿಲಲ್ಲಿ ನೆಂಟರನ್ನು ಕಂಡ ಮಗುವಿನ ಹಾಗೆ ಒಳಕ್ಕೆ ಓಡಿಬಿಡುತ್ತಿತ್ತು. "ಬಾಯಿ ಬುಡದೋಳ್ಗೆ ಸ್ಕೂಲ್ ಯಾಕ್ಲಾ ಮುದ್ದ, ಬುಡಿಸ್ಬುಡು" ಎಂದು ಅಜ್ಜಿ ತಿಪ್ಪಮ್ಮ ತೀರ್ಪು ಕೊಟ್ಟಳು. ಅಜ್ಜಿಯ ಮಗ, ಹುಡುಗಿಯ ಅಪ್ಪ ಮುದ್ದಯ್ಯ, ತುಮಕೂರಿನ ಮಂಡಿಪೇಟೆಯ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕು. ತಾಯಿಯ ಮಾತಿಗೆ ಎದುರಾಡದವನು. ಹಾಗೆ ಹುಡುಗಿ ಊರಂಚಿನ ಉಪ್ಪಾರಹಳ್ಳಿಯ ಹೆಂಚಿನ ಮನೆಯಲ್ಲೇ ಉಳಿದು ಹದಿನೇಳು ತುಂಬಿಸಿದಳು. ಬಾಯಿ ಮಾಡದ ಕೆಲಸವನ್ನು ಕಣ್ಣು ಮಾಡುತ್ತಿತ್ತು. ಯಾವ ಸ್ಪ್ಯಾನರು ಯಾವ ನಟ್ಟಿಗೆ ಎಂದು ಅಪ್ಪ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆದರೂ ಅವನು ಕೈ ಚಾಚಿದರೆ ಸರಿಯಾದದ್ದೇ ಕೈಗೆ ಬರುತ್ತಿತ್ತು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಕಾರ್ತೀಕದಲ್ಲಿ ಅವರ ಮನೆಯಂಗಳಕ್ಕೆ ಒಂದು ಕಾರು ಬಂತು. ತಾನಾಗಿ ಓಡಿ ಬರಲಿಲ್ಲ, ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಗುಬ್ಬಿಯ ಜಯರಾಮಯ್ಯನವರದು. ಅವರ ಅಣ್ಣ ತೀರಿಕೊಂಡ ಮೇಲೆ ಎಂಟು ವರ್ಷ ಕೊಬ್ಬರಿ ಗೋದಾಮಿನ ಮೂಲೆಯಲ್ಲಿ ಕಲ್ಲಿನ ಮೇಲೆ ಕೂತಿದ್ದ ಗಾಡಿ. ಈಗ ಜಯರಾಮಯ್ಯನವರ ಮಗಳು, ಕುಣಿಗಲ್ಲಿನ ಶಾರದೆಗೆ ಗಂಡು ಮಗು ಹುಟ್ಟಿತ್ತು. ನಾಮಕರಣಕ್ಕೆ ಅಣ್ಣನ ಕಾರಿನಲ್ಲೇ ಹೋಗಿ ಇಳಿಯಬೇಕೆಂದು ಜಯರಾಮಯ್ಯ ಹಟ ಹಿಡಿದಿದ್ದರು.

"ಏನಯ್ಯ ಮುದ್ದಯ್ಯ, ಆಗುತ್ತೇನಯ್ಯ?"

"ಇಂಜಿನ್ ಗಟ್ಟಿ ಐತೆ ಬುದ್ದಿ. ಬ್ರೇಕೇ ತುಕ್ಕು ತಿಂದು ಕಚ್ಕೊಂಡದೆ. ಬಿಚ್ಚಿ ಮನೇಲೇ ತೊಳೀತೀವಿ. ನಮ್ ಸಿದ್ದಿ ಕೈಗೆ ಕೊಟ್ರೆ ತುಕ್ಕು ನಿಲ್ಲಾಕಿಲ್ಲ."

ಬಾಗಿಲ ಹಿಂದಿದ್ದ ಸಿದ್ದಿ ಅದನ್ನು ಕೇಳಿ ಇನ್ನೂ ಒಳಕ್ಕೆ ಸರಿದಳು.

ತುಕ್ಕು ತೆಗೆಯುವುದು ಅವಳಿಗೆ ಹಿತ್ತಾಳೆ ಬೆಳಗಿದಷ್ಟೇ ಸಲೀಸು. ಹಳೇ ಹುಣಸೆಹಣ್ಣು ಕಿವುಚಿದ ನೀರನ್ನು ದೊಡ್ಡ ಬಾನಿಗೆ ತುಂಬಿ, ಅದರಲ್ಲಿ ಕಬ್ಬಿಣದ ಸಾಮಾನು ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಹುಳಿ ತುಕ್ಕು ತಿಂದು ಮುಗಿಸಿ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ಆಮೇಲೆ ತೆಂಗಿನ ನಾರು, ಬೂದಿ. ಅದಕ್ಕೂ ಬಗ್ಗದಿದ್ದರೆ ಉಪ್ಪು ಕಾಗದ. ಬಿಸಿನೀರಲ್ಲಿ ಜಾಲಿಸಿ, ಒದ್ದೆ ಆರುವ ಮುಂಚೆಯೇ ಒರೆಸಿ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಕಣ್ಣೆದುರಿಗೇ ಕೆಂಪು ತಿರುಗುತ್ತದೆ. ಕೊನೆಗೆ ಎಣ್ಣೆ.

ಎಣ್ಣೆಯ ಮಾತು ಬಂದಾಗ ಮಾತ್ರ ಅಪ್ಪ ಅವಳನ್ನು ಹತ್ತಿರ ಕೂರಿಸಿಕೊಂಡ. ಬಾಂಡಲಿಯಂತೆ ಗುಂಡಗಿದ್ದ ನಾಲ್ಕು ಬ್ರೇಕ್ ಡ್ರಮ್ಮು. ಅವುಗಳೊಳಗೆ ಕೂರುವ, ಅರ್ಧಚಂದ್ರನಂತೆ ಬಾಗಿದ ಎಂಟು ಶೂ. ಒಂದೊಂದು ಶೂವಿನ ಬೆನ್ನಿಗೂ ವರ್ಕ್‌ಶಾಪಿನಲ್ಲಿ ಹೊಸದಾಗಿ ಬಡಿದು ಕೂರಿಸಿದ, ಗೋಣಿ ನೇಯ್ದಂತಿದ್ದ ಒರಟು ಪಟ್ಟಿ.

"ರಾಡು, ಪಿನ್ನು, ಸ್ಪ್ರಿಂಗು — ಇವಕ್ಕೆ ಹರಳೆಣ್ಣೆ ಸವರು. ಈ ಪಟ್ಟಿ ಐತಲ್ಲ, ಲೈನಿಂಗು, ಇದಕ್ಕೂ ಡ್ರಮ್ಮಿನ ಹೊಟ್ಟೆಗೂ ಎಣ್ಣೆ ವಾಸನೇನೂ ತಾಕಬಾರ್ದು. ಪಟ್ಟಿ ಎಣ್ಣೆ ಕುಡಿದುಬುಟ್ರೆ ತಣ್ಣಗಿದ್ದಾಗ ಹಿಡಿದಂಗೆ ನಾಟಕ ಆಡ್ತದೆ. ಬಿಸಿ ಆದೇಟ್ಗೆ ಎಣ್ಣೆ ಬೆವರಿ ಜಾರ್ತದೆ. ಆವಾಗ ಕಾಲಡಿ ಬ್ರೇಕೂ ಇಲ್ಲ, ಕೈಬ್ರೇಕೂ ಇಲ್ಲ. ತಿಳೀತಾ ಮಗಾ?"

ಅವಳು ತಲೆಯಾಡಿಸಿದಳು.

ಶನಿವಾರ ಮಧ್ಯಾಹ್ನ ಎಲ್ಲವೂ ಹಿತ್ತಲಿನ ಗೋಣಿತಾಟಿನ ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತ ಒಣಗುತ್ತಿದ್ದವು. ಸಿದ್ದಿ ರಾಡು ಪಿನ್ನುಗಳಿಗೆ ಎಣ್ಣೆ ಸವರಿ ಬೇರೆ ಇಟ್ಟು, ನೀರಿಗೆಂದು ಬಾವಿಗೆ ಹೋದಳು. ಬಾವಿಯ ಹತ್ತಿರ ಜನವಿತ್ತು. ಅವಳು ಯಾರನ್ನೂ ಸರಿಸಿ ಮುಂದೆ ಹೋಗುವವಳಲ್ಲ. ತಿರುಗಿ ಬರುವಾಗ ಹೊತ್ತಾಗಿತ್ತು.

ಬಂದವಳ ಕಣ್ಣಿಗೆ ಒಂದು ವಿಷಯ ಬಿತ್ತು. ಶೂಗಳ ಮೇಲಿನ ಪಟ್ಟಿ ಬೆಳಿಗ್ಗೆಗಿಂತ ಒಂದು ಬಣ್ಣ ಕಪ್ಪಗಿತ್ತು. ಬಗ್ಗಿ ಮುಟ್ಟಿದಳು. ಒಣಗಿತ್ತು. ಮೂಸಿದಳು. ಹಿತ್ತಲೆಲ್ಲ ಹರಳೆಣ್ಣೆ ನಾರುತ್ತಿದ್ದಾಗ, ತನ್ನ ಕೈಯೇ ಎಣ್ಣೆಯಾಗಿದ್ದಾಗ, ಮೂಗಿಗೆ ತಿಳಿಯುವುದೇನು? ನೆರಳು ಬಂದದ್ದಕ್ಕೆ ಹಾಗೆ ಕಾಣುತ್ತಿದೆ ಎಂದುಕೊಂಡಳು. ಆದರೂ ಅಪ್ಪನಿಗೆ ಹೇಳಬೇಕು.

ಸಂಜೆ ಅಪ್ಪ ಬಂದಾಗ ಜೊತೆಗೆ ವರ್ಕ್‌ಶಾಪಿನ ಇಬ್ಬರು ಗಂಡಸರಿದ್ದರು. ಮೂವರೂ ಅಂಗಳದಲ್ಲಿ ಕೂತು ಚಕ್ರ ಜೋಡಿಸತೊಡಗಿದರು. "ಲೈನಿಂಗು ಹಂಗೇ ಒಣಗಿದೆಯಲ್ವಾ ಮಗಾ? ಏನೂ ತಾಕಿಲ್ವಲ್ಲ?" ಎಂದು ಅಪ್ಪ ಕೂಗಿ ಕೇಳಿದ. ಇಬ್ಬರು ಹೊಸ ಗಂಡಸರು ತಲೆಯೆತ್ತಿ ಅವಳ ಕಡೆ ನೋಡಿದರು. ಉತ್ತರ ಗಂಟಲವರೆಗೆ ಬಂತು. ಬಂದು, ಎಂದಿನಂತೆ, ಒಳಕ್ಕೆ ಓಡಿತು.

ಅವಳು ತಲೆಯಾಡಿಸಿದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಜಯರಾಮಯ್ಯನವರೂ ಹೆಂಡತಿ ಕಮಲಾಕ್ಷಮ್ಮನೂ ಗುಬ್ಬಿಯಿಂದ ಬಂದಿಳಿದರು. ಕಮಲಾಕ್ಷಮ್ಮನ ಕೈಯಲ್ಲಿ ಚಕ್ಕುಲಿ, ಲಾಡು ತುಂಬಿದ ದೊಡ್ಡ ಡಬ್ಬ. ಮುದ್ದಯ್ಯ ಅವರೆದುರಿಗೇ ಅಂಗಳದಲ್ಲಿ ಗಾಡಿಯನ್ನು ಹತ್ತು ಮಾರು ಓಡಿಸಿ ಬ್ರೇಕು ಒತ್ತಿದ. ಗೂಟಕ್ಕೆ ಕಟ್ಟಿದಂತೆ ನಿಂತಿತು. ಕುಣಿಗಲ್ಲಿನವರೆಗೂ ಓಡಿಸುವವನು ಅವನೇ. ಜಯರಾಮಯ್ಯ ಪೇಟ ಸರಿಮಾಡಿಕೊಂಡು ಹೆಂಡತಿಯೊಡನೆ ಹತ್ತಿದರು. ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ತುಳಿಸಿ, ಗಾಡಿ ರಸ್ತೆಗಿಳಿಯಿತು.

ಅಜ್ಜಿ ಒಳಗೆ ಬಂದು ತಲೆಗೆ ಹಚ್ಚಿಕೊಳ್ಳಲೆಂದು ಹರಳೆಣ್ಣೆ ಬಟ್ಟಲಿಗೆ ಕೈಹಾಕಿದಳು.

"ಅಯ್ಯ, ಒಂದ್ ತೊಟ್ಟೂ ಇಲ್ಲ ಕಣೇ. ನೆನ್ನೆ ಆ ಕಡುಬಿನಂಗೆ ಬಗ್ಗಿದ್ವಲ್ಲ, ಅವೇ ಕುಡಿದ್ಬುಟ್ವು. ಎಷ್ಟ್ ಸವರಿದ್ರೂ ಹೀರ್ಕೊಂಡ್ವು. ಆಮೇಕೆ ಹಳೇ ಸೀರೇಲಿ ಚೆಂದಾಗಿ ಒರೆಸಿಟ್ಟೆ."

ಸಿದ್ದಿ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. "ಯಾವುದಕ್ಕಜ್ಜಿ?"

"ಎಲ್ಲಕ್ಕೂವೆ. ನೀನ್ ಅರ್ಧಕ್ಕೆ ಹಚ್ಚಿ ಅರ್ಧ ಬುಟ್ಟು ನೀರಿಗೋಗಿದ್ದೆ. ತೊಳೆದ ಕಬ್ಬಿಣಕ್ಕೆ ಎಣ್ಣೆ ತೋರಿಸ್ದೆ ಮನೆ ಮುಂದೆ ಬುಡ್ತಾರಾ? ಕಾವಲಿ ಆಗ್ಲಿ, ಕುಡುಗೋಲಾಗ್ಲಿ, ನೇಗಿಲ ಗುಳ ಆಗ್ಲಿ. ನಮ್ಮತ್ತೆ ಕಾಲದಿಂದ ನಡ್ಕೊಂಡ್ ಬಂದದ್ದು."

ಅಜ್ಜಿಯ ಮಾತು ಮುಗಿಯುವಾಗ ಕೇಳುವವರು ಅಲ್ಲಿರಲಿಲ್ಲ.

ಸಿದ್ದಿ ಕಾಲಿಗೆ ಸಿಕ್ಕ ಸೀರೆಯನ್ನು ಎತ್ತಿ ಹಿಡಿದು ಓಡುತ್ತಿದ್ದಳು. ಉಪ್ಪಾರಹಳ್ಳಿಯ ರೈಲ್ವೆ ಗೇಟು ಅರ್ಧ ಮೈಲಿ. ಗೂಡ್ಸ್ ರೈಲಿನ ಸದ್ದು ಕೇಳಿಸುತ್ತಿತ್ತು. ಗೇಟು ಹಾಕಿದ್ದರೆ, ಇನ್ನೂ ತೆಗೆಯದಿದ್ದರೆ... ಕುಣಿಗಲ್ ದಾರಿಯಲ್ಲಿ, ಹೆಬ್ಬೂರಿಗೆ ಇನ್ನೆರಡು ಮೈಲಿ ಇರುವಾಗ ಸಿಗುವ ಇಳಿಜಾರು ಅವಳ ಕಣ್ಣ ಮುಂದೆ ಬಂತು. ಮೇಲಿಂದ ಕೆಳಕ್ಕೆ ಒಂದೇ ಇಳಿತ. ಕೊನೆಗೆ ಎಡಕ್ಕೆ ತಿರುವು, ಕೆರೆಯ ಏರಿ. ಈ ಸಲ ಮಳೆ ಚೆನ್ನಾಗಿ ಹುಯ್ದು ಕೆರೆ ಕೋಡಿ ಬಿದ್ದಿತ್ತು.

ಗೇಟು ಹಾಕಿತ್ತು. ಎಲ್ಲಕ್ಕಿಂತ ಮುಂದೆ ಅಪ್ಪನ ಕಾರು, ಹಿಂದೆ ಎರಡು ಎತ್ತಿನ ಗಾಡಿ, ಅದರ ಹಿಂದೆ ಕುಣಿಗಲ್ ಬಸ್ಸು. ಅವಳು ಬಸ್ಸಿನ ಹತ್ತಿರ ಬರುವುದಕ್ಕೂ ರೈಲಿನ ಕೊನೆಯ ಡಬ್ಬಿ ದಾಟುವುದಕ್ಕೂ ಸರಿಹೋಯಿತು. ಗೇಟು ಎದ್ದಿತು. ಸಿದ್ದಿ ಬಾಯಿ ತೆರೆದಳು.

"ಅಪ್ಪಾ..."

ಆ ಕೂಗು ಹತ್ತಿರದ ಎತ್ತಿನ ಕಿವಿಯನ್ನೂ ಅಲುಗಿಸಲಿಲ್ಲ. ಸುತ್ತ ಅಷ್ಟು ಜನ. ಕಾರು ಹಳಿ ದಾಟಿ, ಹೊಗೆ ಬಿಟ್ಟು, ಹೊರಟೇ ಹೋಯಿತು.

ಅವಳು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಸ್ಸಿನ ಮೆಟ್ಟಿಲ ಮೇಲಿದ್ದಳು.

"ಎಲ್ಲಿಗಮ್ಮಾ?" ಎಂದ ಕಂಡಕ್ಟರು. ಅವಳು ಏದುಸಿರು ಬಿಡುತ್ತ ನಿಂತಳು. "ಹೆಬ್ಬೂರಾ, ಕುಣಿಗಲ್ಲಾ? ಮಾತ್ ಬರಾಕಿಲ್ವಾ? ಕೈನಾದ್ರೂ ತೋರ್ಸು."

ಬಸ್ಸು ನಕ್ಕಿತು. ಎಲೆ ಅಡಿಕೆ ಜಗಿಯುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು: "ಗಂಡನ ಮನೆ ಬುಟ್ಟು ಓಡೋಯ್ತಾ ಅವ್ಳೆ ಕಣಕ್ಕ. ನೋಡು, ಒಂದ್ ಗಂಟೂ ಇಲ್ಲ, ಕಾಲಿಗ್ ಮೆಟ್ಟೂ ಇಲ್ಲ."

ಸಿದ್ದಿ ಆ ನಗುವಿನ ನಡುವೆಯೇ ಮುಂದಕ್ಕೆ ಹೋದಳು. ಡ್ರೈವರಿನ ಸೀಟಿನ ಹಿಂದಿನ ಕಂಬಿ ಹಿಡಿದಳು. ಹೇಳಬೇಕಾದ್ದು ಬಹಳವಿತ್ತು. ಬಂದದ್ದು ಒಂದೇ ಮಾತು.

"ಬ್ರೇಕು."

ಡ್ರೈವರ್ ರಾಮಾಂಜಿನಯ್ಯನ ಕಾಲು ತಾನಾಗಿ ಪೆಡಲ್ ಮೇಲೆ ಹೋಯಿತು. ಇಪ್ಪತ್ತು ವರ್ಷ ಬಸ್ಸು ಓಡಿಸಿದವನಿಗೆ ಆ ಒಂದು ಮಾತು ಸಾಕು. "ಯಾವ ಬ್ರೇಕು? ಯಾರ್ದು?"

"ಮುಂದಿನ ಕಾರು. ಅಪ್ಪಂದು. ಲೈನಿಂಗು ಹರಳೆಣ್ಣೆ ಕುಡ್ದದೆ."

"ನೀನು ಮಂಡಿಪೇಟೆ ಮುದ್ದಣ್ಣನ ಮಗಳಾ?" ಅವನು ಹಿಂದೆ ತಿರುಗಿ ನೋಡಲಿಲ್ಲ. ಬಸ್ಸು ಆಗಲೇ ಹಳಿ ದಾಟುತ್ತಿತ್ತು. "ಕೈಬ್ರೇಕೂ ಅದೇ ಶೂಗೇ ಐತಾ?"

ಅವಳು ತಲೆಯಾಡಿಸಿದಳು. ಅವನ ಬೆನ್ನಿಗೆ ಅದು ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. "ಹೂಂ. ಅದಕ್ಕೇ."

"ಇಲ್ ಕೂತ್ಕೋ" ಎಂದು ಇಂಜಿನ್ನಿನ ಪಕ್ಕದ ಹಲಗೆ ತೋರಿಸಿ, ರಾಮಾಂಜಿನಯ್ಯ ಹಾರನ್ನಿನ ಮೇಲೆ ಕೈಯಿಟ್ಟ. ಆ ಕೈ ತೆಗೆಯಲಿಲ್ಲ.

ಮುಂದಿನ ಹತ್ತು ಮೈಲಿಯನ್ನು ಸಿದ್ದಿ ಎತ್ತಿನ ಗಾಡಿಗಳಲ್ಲಿ ಎಣಿಸಿದಳು. ಸಂತೆಗೆ ಹೊರಟ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದ್ದವು. ಒಂದೊಂದು ಗಾಡಿ ಅಡ್ಡ ಬಂದಾಗಲೂ ಅಪ್ಪ ಒಂದು ಸಲ ಬ್ರೇಕು ಒತ್ತಿರುತ್ತಾನೆ. ಒಂದೊಂದು ಸಲ ಒತ್ತಿದಾಗಲೂ ಆ ಪಟ್ಟಿ ಒಂದಿಷ್ಟು ಬಿಸಿಯಾಗಿರುತ್ತದೆ. ಏಳು. ಎಂಟು. ಒಂಬತ್ತು. ಒಂದು ಹಳ್ಳಿಯ ಅರಳಿಕಟ್ಟೆ ಹಿಂದೆ ಸರಿಯಿತು.

"ಏ, ನಮ್ಮೂರು ಬಂತು, ನಿಲ್ಸಪ್ಪೋ!"

"ಬರೋವಾಗ ಇಳಿಸ್ತೀನಿ ಕೂತ್ಕೊಳಯ್ಯ" ಎಂದ ರಾಮಾಂಜಿನಯ್ಯ.

"ಬರೋವಾಗಾ? ನಾನೇನ್ ನಿನ್ ಬಸ್ಸಲ್ಲಿ ಸಂಸಾರ ಮಾಡಾಕ್ ಬಂದಿದೀನಾ?"

ಯಾರೂ ನಗಲಿಲ್ಲ. ಕಂಡಕ್ಟರು ಸೀಟಿನಿಂದ ಸೀಟಿಗೆ ಹೋಗಿ ವಿಷಯ ಹೇಳಿದ್ದ. ಎಲೆ ಅಡಿಕೆಯ ಹೆಂಗಸು ಜಗಿಯುವುದನ್ನು ನಿಲ್ಲಿಸಿ, ಮುಂದಕ್ಕೆ ಬಂದು ಸಿದ್ದಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು.

ಹದಿನಾಲ್ಕನೆಯ ಗಾಡಿ ದಾಟಿದ ಮೇಲೆ ದಿಣ್ಣೆ ಹತ್ತುತ್ತಿದ್ದ ಕಾರು ಕಾಣಿಸಿತು. ಅದರಾಚೆಗೇ ಇಳಿಜಾರು. ಬಸ್ಸು ದಿಣ್ಣೆಯ ತಲೆಗೆ ಬಂದಾಗ ಕಾರು ಆಗಲೇ ಕೆಳಮುಖವಾಗಿತ್ತು. ಹಾರನ್ನು ಕೇಳಿದ ಮುದ್ದಯ್ಯ, ಯಾವನೋ ಅವಸರದ ಬಸ್ಸಿನವನು ಎಂದುಕೊಂಡು, ಮರ್ಯಾದೆಯಿಂದ ಎಡಕ್ಕೆ ಸರಿದು, ಹೋಗು ಎಂದು ಕೈ ಬೀಸಿದ.

"ಸರಿದ. ದೇವ್ರು ದೊಡ್ಡೋನು" ಎಂದ ರಾಮಾಂಜಿನಯ್ಯ. "ನೋಡವ್ವ, ಅವನ್ ಪಕ್ಕಕ್ಕೆ ಹೋಗ್ತೀನಿ. ಒಂದೇ ಗಳಿಗೆ. ಆಮೇಲೆ ಅವ್ನು ನನ್ ಹಿಂದೇನೇ ಬರ್ಲಿ, ಬಸ್ಸೇ ತಡೀತದೆ. ನನ್ ಮಾತು ಇಂಜಿನ್ ಸದ್ದಲ್ಲಿ ಕೇಳಾಕಿಲ್ಲ, ನೀನು ಎಡಗಡೆ ಕಿಟಕೀಲಿ ಕೂಗ್ಬೇಕು. ನಿನ್ ದನಿ ಅವ್ನಿಗೆ ಗುರ್ತು ಸಿಕ್ತದೆ."

ಗುರುತು ಸಿಗುವಷ್ಟು ದನಿಯನ್ನು ಅವಳು ಯಾವಾಗ ತೆಗೆದಿದ್ದಳು? ಎಡಗಡೆಯ ಸೀಟಿನವರು ಎದ್ದು ಜಾಗ ಬಿಟ್ಟರು. ಸಿದ್ದಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ಎಲೆ ಅಡಿಕೆಯ ಹೆಂಗಸು ಅವಳ ಸೊಂಟ ಹಿಡಿದುಕೊಂಡಳು. ಕೆಳಗೆ ಕಾರಿನ ತಗಡು ಓಡುತ್ತಿತ್ತು. ಕಮಲಾಕ್ಷಮ್ಮನ ಮಡಿಲ ಡಬ್ಬ, ಜಯರಾಮಯ್ಯನವರ ಪೇಟ, ಆಮೇಲೆ ಅಪ್ಪನ ಕೈ. ಉತ್ತರ ಗಂಟಲವರೆಗೆ ಬಂತು. ಈ ಸಲ ಒಳಗೆ ಓಡುವುದಕ್ಕೆ ದಾರಿ ಇರಲಿಲ್ಲ.

"ಅಪ್ಪಾ! ಬ್ರೇಕ್ ನಂಬ್‌ಬೇಡ! ಲೈನಿಂಗು ಎಣ್ಣೆ ಕುಡ್ದದೆ! ಗೇರ್ ಹಾಕು! ಬಸ್ ಹಿಂದೆ ಬಾ!"

ಮುದ್ದಯ್ಯ ತಲೆಯೆತ್ತಿದ. ಮಗಳ ಮುಖ ನೋಡಿದ. ಆಮೇಲೆ ಅವನ ಭುಜ ಒಮ್ಮೆ ಕೆಳಗಿಳಿದದ್ದು ಅವಳಿಗೆ ಕಾಣಿಸಿತು. ಪೆಡಲ್ ಒತ್ತಿ ನೋಡಿದ್ದ. ಕಾರು ನಿಧಾನವಾಗಲಿಲ್ಲ. ಕೈಬ್ರೇಕು ಎಳೆದ. ಆಗಲಿಲ್ಲ. ಅವನ ಮುಖದ ಬಣ್ಣ ಹೋಯಿತು, ಆದರೆ ಕೈ ನಡುಗಲಿಲ್ಲ. ಗೇರು ಕಿರುಚಿಕೊಂಡು ಕೆಳಗಿಳಿಯಿತು, ಇಂಜಿನ್ನು ಗೋಳಿಟ್ಟಿತು. ಓಟ ಕೊಂಚ ತಗ್ಗಿತು. ಸಾಲದಷ್ಟೇ ತಗ್ಗಿತು. ಕೆಳಗೆ ಕೆರೆಯ ನೀರು ಬಿಸಿಲಿಗೆ ಥಳಥಳ ಹೊಳೆಯುತ್ತ ಹತ್ತಿರ ಬರುತ್ತಿತ್ತು.

ಬಸ್ಸು ಕಾರನ್ನು ದಾಟಿ ಎಡಕ್ಕೆ ಬಂದು ಅದರ ಮುಂದೆ ನಿಂತಂತೆ ಓಡಿತು. "ಎಲ್ರೂ ಬಿಗಿಯಾಗಿ ಹಿಡ್ಕೊಳ್ರಪ್ಪೋ!" ಎಂದು ಕೂಗಿದ ರಾಮಾಂಜಿನಯ್ಯ, ಹಾಲಿನ ಪಾತ್ರೆ ಇಳಿಸುವವನಂತೆ ಮೆಲ್ಲಗೆ, ಅಂಗುಲ ಅಂಗುಲವಾಗಿ ಬ್ರೇಕು ಒತ್ತಿದ.

ಹಿಂದಿನಿಂದ ಧಡ್ ಎಂದು ತಾಕಿತು. ಬಿಟ್ಟಿತು. ಮತ್ತೆ ಧಡ್. ಈ ಸಲ ಬಿಡಲಿಲ್ಲ. ತುಂಬಿದ ಬಸ್ಸು ಆ ಕಾರನ್ನು ಬೆನ್ನಿಗೆ ಆನಿಸಿಕೊಂಡು, ಟಯರು ಕಿರಗುಟ್ಟಿಸುತ್ತ, ಇಳಿಜಾರಿನುದ್ದಕ್ಕೂ ತಡೆಯುತ್ತ, ತಡೆಯುತ್ತ, ತಿರುವಿಗೆ ಇಪ್ಪತ್ತು ಮಾರು ಇರುವಾಗ ನಿಂತಿತು.

 ತನ್ನೂರಲ್ಲಿ ಇಳಿಯಲಾಗದವನು ಮೊದಲು ಹೇಳಿದ: "ನಾನ್ ಇಲ್ಲೇ ಇಳೀತೀನಿ ಕಣಪ್ಪ. ನಡ್ಕೊಂಡೇ ಹೋಯ್ತೀನಿ."

ಕಾರಿನ ಒಂದು ಲೈಟು ಒಡೆದಿತ್ತು. ಮೂತಿ ಒಳಸರಿದಿತ್ತು. ಒಳಗೆಲ್ಲ ಲಾಡು ಉರುಳಿತ್ತು. ನಾಲ್ಕೂ ಚಕ್ರದಿಂದ ನೀಲಿ ಹೊಗೆ ಏಳುತ್ತಿತ್ತು. ಸುಟ್ಟ ಹರಳೆಣ್ಣೆಯ ವಾಸನೆ ರಸ್ತೆ ತುಂಬ ಹರಡಿತ್ತು. ಜಯರಾಮಯ್ಯ ಇಳಿದರು. ಪೇಟ ಇರಲಿಲ್ಲ.

"ಏನಯ್ಯ ಇದು? ಕೊಲ್ಲೋದಕ್ಕೆ ಕರಕೊಂಡು ಹೊರಟಿದ್ದೆಯೇನಯ್ಯ?"

"ನಂದೇ ತಪ್ಪು ಬುದ್ದಿ. ನೋಡ್ದೆ ಜೋಡಿಸ್ಬುಟ್ಟೆ" ಎಂದ ಮುದ್ದಯ್ಯ.

"ಇಲ್ಲ." ಎಲ್ಲರೂ ತಿರುಗಿದರು. ಸಿದ್ದಿ ಬಸ್ಸಿನ ಮೆಟ್ಟಿಲಿಳಿದು ಬಂದಿದ್ದಳು. "ಪಟ್ಟಿ ಕಪ್ಪಗಾಗಿದ್ದು ನಾನು ನೆನ್ನೇನೇ ನೋಡಿದ್ದೆ. ಅಪ್ಪ ಕೇಳ್ದಾಗ ಹೇಳ್ಲಿಲ್ಲ. ತಲೆ ಆಡಿಸ್ಬುಟ್ಟೆ."

ಜಯರಾಮಯ್ಯ ಅವಳನ್ನೂ ಬಸ್ಸನ್ನೂ ನೋಡಿ, ಒಡೆದ ಲೈಟಿನ ಕಡೆಗೆ ತಿರುಗಿದರು.

ಮುದ್ದಯ್ಯ ಒಂದು ಚಕ್ರ, ಅದರ ಡ್ರಮ್ಮು ಬಿಚ್ಚಿ, ಪಟ್ಟಿಯನ್ನು ಪೆಟ್ರೋಲಿನಲ್ಲಿ ತೊಳೆದು, ರಸ್ತೆಯ ಮಣ್ಣು ಹಾಕಿ ಉಜ್ಜಿ, ಮತ್ತೆ ತೊಳೆದ. ಬಸ್ಸಿನವರು ಸುತ್ತ ನಿಂತು ನೋಡಿದರು. ಹೊತ್ತೇರುತ್ತಿತ್ತು. ಜಯರಾಮಯ್ಯ ಗಡಿಯಾರ ನೋಡಿದರು. ಮೊಮ್ಮಗನ ಮುಂದೆ, ಬೀಗರ ಮುಂದೆ ಬಸ್ಸಿಂದ ಇಳಿಯಬೇಕೆ?

"ಒಣಗಿತಲ್ಲಯ್ಯ. ಇನ್ನುಳಿದ ಮೂರನ್ನೂ ಹೀಗೇ ಮಾಡು. ನಿಧಾನವಾಗಿ ಹೋಗೋಣ. ಇನ್ನೇನು ಇಳಿಜಾರಿಲ್ಲವಲ್ಲ."

ಮುದ್ದಯ್ಯನಿಗೆ ಆ ಮಾತನ್ನು ತೆಗೆದುಹಾಕುವ ಧೈರ್ಯ ಬರಲಿಲ್ಲ. ಹೇಗೂ ಅವರು ದೊಡ್ಡವರು, ತಪ್ಪು ತನ್ನ ಕಡೆಯದು. ಅವನು ಶೂ ಎತ್ತಿ ಮಗಳ ಕಡೆ ಹಿಡಿದ. "ನೋಡು ಮಗಾ. ನಿನ್ ಕಣ್ಣು ನಂಗಿಂತ ಚೂಪು. ಸರಿ ಐತಾ?"

ಬಸ್ಸಿನ ಜನ, ಕಂಡಕ್ಟರು, ಜಯರಾಮಯ್ಯ, ಎಲ್ಲರೂ ಅವಳನ್ನೇ ನೋಡಿದರು. ಸಿದ್ದಿಯ ಕತ್ತು ಅಭ್ಯಾಸದಂತೆ ಬಾಗತೊಡಗಿತು. ಅರ್ಧಕ್ಕೆ ತಡೆದಳು. ಶೂವನ್ನು ಕೈಗೆ ತೆಗೆದುಕೊಂಡು ಬಿಸಿಲಲ್ಲಿ ಕಾದ ಕಾರಿನ ಮೂತಿಯ ಮೇಲೆ ಇಟ್ಟಳು. ಕಾದಳು. ಒಣಗಿ ಬೆಳ್ಳಗೆ ಕಾಣುತ್ತಿದ್ದ ಪಟ್ಟಿಯ ಎಳೆಗಳ ನಡುವೆ, ಸಾಸಿವೆ ಕಾಳಿನಷ್ಟು, ಒಂದು ಹೊಳಪು ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು.

"ಸರಿ ಇಲ್ಲಪ್ಪ" ಎಂದಳು. ಜಯರಾಮಯ್ಯನವರ ಕಡೆ ತಿರುಗಿ ಮತ್ತೊಮ್ಮೆ, ಅವರಿಗೂ ಕೇಳುವಂತೆ: "ಇನ್ನೂ ಬೆವರ್ತಾ ಐತೆ. ಇದ್ರಲ್ಲಿ ಹೋಗ್ಬ್ಯಾಡಿ."

ಕಮಲಾಕ್ಷಮ್ಮ ಉಳಿದ ಲಾಡುಗಳನ್ನು ಡಬ್ಬಕ್ಕೆ ತುಂಬಿಕೊಂಡು ಆಗಲೇ ಬಸ್ಸಿನ ಮೆಟ್ಟಿಲ ಬಳಿ ಇದ್ದರು. "ಏಳಿ, ಬನ್ನಿ. ಮೊಮ್ಮಗ ನೀವು ಯಾತರಲ್ಲಿ ಬಂದ್ರಿ ಅಂತ ಕೇಳೋಲ್ಲ. ಬಂದ್ರೋ ಇಲ್ಲವೋ ಅನ್ನೋದಷ್ಟೆ." ಜಯರಾಮಯ್ಯ ಪೇಟ ಹುಡುಕಿ, ಧೂಳು ಕೊಡವಿ, ತಲೆಗಿಟ್ಟುಕೊಂಡು ಹತ್ತಿದರು. ರಾಮಾಂಜಿನಯ್ಯ ಹೊರಡುವಾಗ ಹಾರನ್ನು ಒಂದೇ ಸಲ, ಚಿಕ್ಕದಾಗಿ, ಹೊಡೆದ.

ಅಪ್ಪ ಮಗಳು ಕೆರೆ ಏರಿಯ ಹುಣಸೆಮರದ ಕೆಳಗೆ ಕೂತರು. ಕಾರನ್ನು ಎಳೆದೊಯ್ಯಲು ಎತ್ತು ಕೊಡುತ್ತೇನೆಂದು ಹಳ್ಳಿಯವನೊಬ್ಬ ಹೇಳಿ ಹೋಗಿದ್ದ. ಮುದ್ದಯ್ಯ ಕೈಯ ಮಸಿಯನ್ನು ಹುಲ್ಲಿಗೆ ಒರೆಸುತ್ತ ಕೇಳಿದ.

"ಅಜ್ಜೀನಾ?"

ಸಿದ್ದಿ ಉದುರಿದ ಹುಣಸೆ ಎಲೆಯನ್ನು ಕೈಯಲ್ಲಿ ಹೊಸಕಿದಳು.

"ಕಾವಲಿ ಅನ್ಕಂಡ್ಳೇನೋ."

"ಇಲ್ಲ" ಎಂದಳು ಸಿದ್ದಿ. "ಕಡುಬಿನಂಗವೆ ಅಂದ್ಲು."

ಮುದ್ದಯ್ಯ ನಗಲು ಹೋಗಿ, ನಡುವೆಯೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆಗ ಮೊದಲ ಸಲ ಅವನ ಕೈ ನಡುಗುತ್ತಿರುವುದನ್ನು ಅವಳು ನೋಡಿದಳು. ಹತ್ತಿರ ಸರಿದು ಕೂತಳು. ಆ ಕೈ ನಿಲ್ಲುವವರೆಗೆ ಅವನ ಜೊತೆ ಮಾತಾಡುತ್ತಲೇ ಇದ್ದಳು.